ತೂತಿನ ಡಿಸ್ಕ್ ಹಾಕಿಸ್ಲಾ ಸಾರ್?

ಪ್ರಶ್ನೆ: ನಂದು ಆರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ದಿನಾ ಪೀಣ್ಯಕ್ಕೆ ಓಡಾಟ. ಹೋದ್ ತಿಂಗ್ಳು ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಫ್ರೆಂಡ್ಸ್ ಜೊತೆ ಹೋಗಿದ್ದೆ, ನಾಲ್ಕನೇ ಲ್ಯಾಪಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಸೀದಾ ಕೆಳಗೆ ಹೋಯ್ತು, ಜೀವ ಬಾಯಿಗೆ ಬಂತು. ತೂತಿನ ಡಿಸ್ಕ್ (ಚಕ್ರದ ಜೊತೆ ತಿರುಗೋ ಬ್ರೇಕ್ ತಟ್ಟೆ), ಅದನ್ನ ಒತ್ತಿ ಹಿಡಿಯೋ ರೇಸ್ ಪ್ಯಾಡ್ ಹಾಕ್ಸು ಅಂತಾರೆ ಎಲ್ರೂ. ಹಾಕಿಸ್ಲಾ?
– ಒಬ್ಬ ಓದುಗ, ತುಮಕೂರು

ಉತ್ತರ: ತಡೀರಿ, ದುಡ್ಡು ಜೇಬಲ್ಲೇ ಇರ್ಲಿ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಮಾತ್ರ ನಿಲ್ತಿಲ್ಲ ಅಂದಿದ್ರೆ ಪ್ಯಾಡ್ ಕಾದು ಕೈಕೊಟ್ಟಿದೆ ಅಂತಿದ್ದೆ, ಆದ್ರೆ ನಿಮ್ದು ಮೆತ್ತಗಾಗಿದೆ, ಅಂದ್ರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ತುಂಬ್ಕೊಂಡಿದೆ. ಈ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ, ಡಾಟ್ 4 ಅನ್ನೋ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ತನಕ ತಡೀಬೇಕು ಅಂತ ಲೆಕ್ಕ, ನೀರು ಸೇರಿದ್ಮೇಲೆ ಅದೇ ಲೆಕ್ಕ 155ಕ್ಕೆ ಇಳಿಯತ್ತೆ. ಆರು ವರ್ಷದಲ್ಲಿ ಎಷ್ಟು ಸಲ ಬದಲಾಯಿಸಿದ್ರಿ? ನೀವು ಬರ್ದಿಲ್ಲ, ನಾನೇ ಸೊನ್ನೆ ಅನ್ಕೋತೀನಿ. ಹೊಸ ಡಾಟ್ 4 ಇಲ್ಲಾ 5.1 ಹಾಕ್ಸಿ ಪೂರ್ತಿ ಏರ್ ತೆಗೆಸಿ. ಬರೀ ಡಾಟ್ 5 ಅಂತ ಕೊಟ್ರೆ ಮಾತ್ರ ವಾಪಸ್ ಕೊಡಿ, ಅದು ಸಿಲಿಕಾನ್ ಆಯಿಲ್, ಇದಕ್ಕೆ ಸೇರಲ್ಲ.

ಪ್ಯಾಡ್ ವಿಷಯ. ಪಕ್ಕಾ ರೇಸ್ ಪ್ಯಾಡ್ ಬಿಸಿ ಏರಿದ್ರೇನೇ ಹಿಡಿಯೋದು, ಬೆಳಗ್ಗೆ ಮನೆ ಬಿಟ್ಟು ಮೊದಲ್ನೇ ಸಿಗ್ನಲಲ್ಲಿ ಮುಂದಿನ ಆಟೋಗೆ ಮುತ್ತಿಟ್ಟಾಗ ಗೊತ್ತಾಗತ್ತೆ, ಜೊತೆಗೆ ಕೀರಲು ಸದ್ದು, ಡಿಸ್ಕನ್ನೂ ಬೇಗ ತಿನ್ನತ್ತೆ. ವರ್ಷಕ್ಕೆ ಎರಡು ಸಲ ಟ್ರ್ಯಾಕ್‌ಗೆ ಹೋಗೋರಿಗೆ ರೋಡಿಗೂ ಆಗೋ, ಸ್ವಲ್ಪ ಹೆಚ್ಚು ಬಿಸಿ ತಡ್ಯೋ ಪ್ಯಾಡೇ ಸಾಕು. ಇನ್ನು ತೂತಿನ ಡಿಸ್ಕ್, ನೋಡೋಕೆ ಚಂದ ನಿಜ, ಆದ್ರೆ ಪದೇ ಪದೇ ಕಾದು ಆರಿದ್ರೆ ತೂತಿನ ಸುತ್ತಾನೇ ಬಿರುಕು ಶುರುವಾಗೋದು. ಒಳಗೆ ಗಾಳಿ ಓಡೋ ಕಂಪ್ನಿ ಪ್ಲೇನ್ ಡಿಸ್ಕೇ ಇಟ್ಕೊಳ್ಳಿ, ಅದ್ರ ಮೇಲೇ ಕನಿಷ್ಠ ದಪ್ಪ ಎಷ್ಟಿರ್ಬೇಕು ಅಂತ ಕೆತ್ತಿರ್ತಾರೆ, ಮೆಕ್ಯಾನಿಕ್ ಹತ್ರ ಅಳತೆ ಹಾಕ್ಸಿ ನೋಡಿ.

ಪ್ರಶ್ನೆ: ಹೊಸ ಡಿಸ್ಕ್, ಪ್ಯಾಡ್ ಹಾಕ್ಸಿ ತಿಂಗಳಾಗಿಲ್ಲ, ಬ್ರೇಕ್ ಹೊಡೆದ್ರೆ ಸ್ಟೇರಿಂಗ್ ಅದುರತ್ತೆ. ಡಿಸ್ಕ್ ಬೆಂಡ್ ಅಂತಾರೆ ಗ್ಯಾರೇಜಲ್ಲಿ.
– ಇನ್ನೊಬ್ಬರು, ಹಾಸನ

ಉತ್ತರ: ಬೆಂಡ್ ಆಗೋದು ಅಪರೂಪ ಕಣ್ರೀ. ಪ್ಯಾಡ್ ಪುಡಿ ಡಿಸ್ಕ್ ಮೇಲೆ ಒಂದ್ ಕಡೆ ದಪ್ಪ ಒಂದ್ ಕಡೆ ತೆಳು ಅಂಟ್ಕೊಂಡಿರತ್ತೆ ಅಷ್ಟೇ, ಶಿರಾಡಿ ಘಾಟಿ ಇಳಿದು ಕಾದಿರೋ ಬ್ರೇಕನ್ನ ಹಾಗೇ ಒತ್ತಿ ಹಿಡ್ಕೊಂಡು ನಿಂತ್ರೆ ಹೀಗಾಗತ್ತೆ. ಅದು ಸಮ ಆಗೋಕೆ ಖಾಲಿ ರೋಡಲ್ಲಿ ಸ್ಪೀಡು 80ರಿಂದ 20ಕ್ಕೆ ಎಂಟ್ಹತ್ತು ಸಲ ಗಟ್ಟಿಯಾಗಿ ಇಳ್ಸಿ, ಪೂರ್ತಿ ನಿಲ್ಲಿಸ್ಬೇಡಿ, ಆಮೇಲೆ ಬ್ರೇಕ್ ಮುಟ್ದೇ ನಾಲ್ಕೈದು ಕಿಲೋಮೀಟರ್ ಆರೋಕೆ ಬಿಡಿ. ಹೊಸದು ಹಾಕ್ಸಿದ ದಿನಾನೇ ಮಾಡ್ಬೇಕಿತ್ತು ಇದನ್ನ. ತುಮಕೂರಿನೋರೂ ಕೇಳಿಸ್ಕೊಳ್ಳಿ, ಟ್ರ್ಯಾಕಲ್ಲಿ ಕೊನೇ ಲ್ಯಾಪ್ ನಿಧಾನಕ್ಕೆ ಬಂದು ಹ್ಯಾಂಡ್‌ಬ್ರೇಕ್ ಎಳೀದೇ ಗೇರಲ್ಲಿ ನಿಲ್ಸಿ.