ವಿಶೇಷಣಗಳನ್ನು ತೆಗೆದು ಕೃತಿಯನ್ನು ಕೇಳಿಸಿ

ಕರ್ನಾಟಕ ಸಂಗೀತದ ವಾಗ್ಗೇಯಕಾರ ಮೈಸೂರು ಸದಾಶಿವರಾಯರ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ವೀಣೆ ಶೇಷಣ್ಣನವರು ಅವರಲ್ಲಿ ಗಾಯನ ಕಲಿತ ವಿಷಯವನ್ನೂ ಚೆನ್ನಾಗಿ ಹೇಳಿದ್ದೀರಿ. ಆದರೂ ನನಗೆ ಸಿಟ್ಟು ಬಂದಿದೆ.

ಮೊದಲ ವಾಕ್ಯ: ‘ಗಾನಗಂಧರ್ವರೂ ನಾದಯೋಗಿಗಳೂ ಆದ ಸದಾಶಿವರಾಯರು ಸ್ವರಸಾಗರದಲ್ಲಿ ಮಿಂದೆದ್ದವರು.’ ಹೆಸರು ಬದಲಿಸಿದರೆ ಇದು ಯಾವ ಸಂಗೀತಗಾರರಿಗೂ ಒಪ್ಪುತ್ತದೆ. ಅವರು ತ್ಯಾಗರಾಜರ ನೇರ ಶಿಷ್ಯ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಕಲಿತು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ವಾಂಸರಾಗಿದ್ದವರು. ತ್ಯಾಗರಾಜರ ಪರಂಪರೆ ಮೈಸೂರಿಗೆ ಬಂದ ದಾರಿಗಳಲ್ಲಿ ಇದೂ ಒಂದು. ಅದನ್ನು ಐದನೆಯ ಪ್ಯಾರಾದ ಅರ್ಧ ವಾಕ್ಯಕ್ಕೆ ತಳ್ಳಿದ್ದೀರಿ.

ಎರಡನೆಯದು: ‘ಅವರ ಕೃತಿಗಳು ಭಕ್ತಿರಸದ ಹೊನಲು.’ ಯಾವ ಕೃತಿ? ತೋಡಿ ರಾಗದಲ್ಲಿ ‘ತ್ಯಾಗರಾಜಸ್ವಾಮಿ ವೆಡಲಿನ’ ಎಂಬ ರಚನೆಯಿದೆ. ಗುರುವಿನ ಗುರುವನ್ನೇ ವಸ್ತುವಾಗಿಸಿಕೊಂಡು ಹಾಡು ಕಟ್ಟಿದ ಶಿಷ್ಯ ಅವರು! ನಿಮ್ಮ ಲೇಖನದಲ್ಲಿ ಅದರ ಸುಳಿವೂ ಇಲ್ಲ.

ಇನ್ನು ‘ನರಸಿಂಹುಡು ಉದಯಿಂಚೆನು’. ಅದನ್ನು ಹಾಡಿದಾಗ ನಡೆಯಿತೆನ್ನಲಾದ ಪವಾಡಕ್ಕೆ ಎರಡು ಪ್ಯಾರಾ ಕೊಟ್ಟಿದ್ದೀರಿ, ರಾಗದ ಹೆಸರನ್ನೇ ಬರೆದಿಲ್ಲ. ಅದು ಕಮಲಮನೋಹರಿ. ಸ್ವರಗಳು ಏರುವ ಆರೋಹಣದಲ್ಲಾಗಲಿ ಇಳಿಯುವ ಅವರೋಹಣದಲ್ಲಾಗಲಿ ರಿಷಭ, ಅಂದರೆ ‘ರಿ’ ಸ್ವರ, ಇಲ್ಲ. ಷಡ್ಜದಿಂದ (ಸ) ನೇರವಾಗಿ ಗಾಂಧಾರಕ್ಕೆ (ಗ) ನೆಗೆಯಬೇಕು. ನರಸಿಂಹನ ಅವತಾರವನ್ನು ಹಾಡಲು ಇಂಥ ರಾಗವನ್ನು ಅವರು ಏಕೆ ಆರಿಸಿಕೊಂಡರು? ಇದನ್ನು ನೀವು ಕೇಳಿಕೊಂಡಿದ್ದರೆ ಲೇಖನದ ದಿಕ್ಕೇ ಬೇರೆಯಾಗುತ್ತಿತ್ತು.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಅಲ್ಲಿನ ಹಿರಿಯರು ಕಛೇರಿಯ ವಿಮರ್ಶೆಗಳನ್ನು ಕೆಂಪು ಶಾಯಿಯ ಪೆನ್ನು ಹಿಡಿದೇ ಓದುತ್ತಿದ್ದರು. ‘ಅಮೋಘ’, ‘ದಿವ್ಯ’ ಕಂಡಲ್ಲೆಲ್ಲ ಗೀಟು. ಉಳಿದದ್ದರಲ್ಲಿ ಕೃತಿ, ರಾಗ, ತಾಳ ಇರದಿದ್ದರೆ ಮಾತಾಡದೆ ಹಾಳೆಯನ್ನು ಹಿಂದಕ್ಕೆ ಕೊಡುತ್ತಿದ್ದರು. ಅವರ ಮೇಜಿನ ಮುಂದೆ ನಿಲ್ಲುವುದೆಂದರೆ ನನಗೆ ಭಯ. ಆದರೆ ಸಭೆಯಲ್ಲಿ ಕಿವಿಗೊಟ್ಟು ಕೂರುವುದನ್ನು ಕಲಿತದ್ದು ಆ ಭಯದಿಂದಲೇ. ಇವತ್ತಿಗೂ ಯಾರಾದರೂ ‘ನಾದಯೋಗಿ’ ಎಂದು ಬರೆದರೆ ನನ್ನ ಕೈ ಪೆನ್ನನ್ನು ಹುಡುಕುತ್ತದೆ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ, ತಿರಸ್ಕರಿಸಿಲ್ಲ. ಸದಾಶಿವರಾಯರ ಒಂದೇ ಕೃತಿಯನ್ನು ಆರಿಸಿಕೊಳ್ಳಿ. ಕಾಂಭೋಜಿ ರಾಗದ ‘ಸಾಮ್ರಾಜ್ಯದಾಯಕೇಶ’ ಆದರೂ ಸರಿ. ಅದನ್ನು ಪಲ್ಲವಿಯಿಂದ ಚರಣದವರೆಗೆ ಕೇಳಿ, ಕೇಳಿದ್ದನ್ನು ಬರೆಯಿರಿ. ಪವಾಡಕ್ಕೆ ಒಂದು ವಾಕ್ಯ ಸಾಕು.