ಕಣ್ಣಲ್ಲಿ ಪಾಪೆ, ಕಾಲಲ್ಲಿ ಮೀನು

ಪದಗಳು ಎಲ್ಲಿಂದ ಬಂದವು ಅಂತ ಕೇಳಿ ಈ ಸಲ ನೀವು ಕಳಿಸಿದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಔಷಧಿ ಚೀಟಿಯವು, ದೇಹದ ಅಂಗಗಳವು. 27 ವರ್ಷ ಔಷಧಿ ಕೌಂಟರಿನ ಹಿಂದೆ ನಿಂತವಳಿಗೆ ಇದಕ್ಕಿಂತ ಖುಷಿ ಬೇರೆ ಏನು ಬೇಕು? ಚೀಟಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಅಮ್ಮನ ಚೀಟಿಯಲ್ಲಿ ಒಂದು ಮಾತ್ರೆಯ ಮುಂದೆ ‘ಎಸ್‌ಓಎಸ್’ ಅಂತ ಬರೆದಿದ್ದಾರೆ. ಅದು ಹಡಗು ಮುಳುಗುವಾಗ ಕಳಿಸುವ ಸಂಕೇತ ಅಲ್ವಾ? ಅಷ್ಟು ಅಪಾಯದ ಮಾತ್ರೆಯಾ?

ಅಲ್ಲವೇ ಅಲ್ಲ. ಚೀಟಿಯ ಎಸ್‌ಓಎಸ್ ಲ್ಯಾಟಿನ್ ಮಾತು: ‘ಸಿ ಓಪುಸ್ ಸಿಟ್’. ಅಂದರೆ ‘ಬೇಕಾದರೆ’, ಅಷ್ಟೇ. ನೋವಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ. ಒಂದು ದಿನಕ್ಕೆ ಎಷ್ಟರವರೆಗೆ ಅಂತ ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ.

ನಿಮ್ಮ ಗಾಬರಿ ನನಗೆ ಹೊಸದಲ್ಲ. ಒಮ್ಮೆ ಒಬ್ಬ ಹಿರಿಯರಿಗೆ ಮಂಡಿ ನೋವಿನ ಮಾತ್ರೆ ಕೊಟ್ಟು, ‘ಇದು ಎಸ್‌ಓಎಸ್ ಸರ್’ ಅಂದು ಕಳಿಸಿಬಿಟ್ಟೆ. ಹಿಂದೆ ಉದ್ದ ಸಾಲಿತ್ತು, ಬಿಡಿಸಿ ಹೇಳಲಿಲ್ಲ. ಹತ್ತು ದಿನ ಬಿಟ್ಟು ಕುಂಟುತ್ತಲೇ ಬಂದರು. ಜೇಬಿನಿಂದ ಹಾಳೆ ತೆಗೆದರು. ಹತ್ತು ಮಾತ್ರೆಯೂ ಹಾಗೇ ಕೂತಿದ್ದವು. ‘ಪ್ರಾಣ ಹೋಗೋ ಹಾಗಾದ್ರೆ ನುಂಗೋಣ ಅಂತ ಇಟ್ಕೊಂಡೆ ತಾಯಿ’ ಅಂದರು. ಹತ್ತು ದಿನ ಅವರು ಸುಮ್ನೆ ನೋವು ತಿಂದದ್ದು ನನ್ನ ಅರ್ಧ ಮಾತಿನಿಂದ. ಅವತ್ತಿನಿಂದ ನಾನು ಎಸ್‌ಓಎಸ್ ಅನ್ನುವುದನ್ನೇ ಬಿಟ್ಟೆ. ‘ನೋವಿದ್ದರೆ ಮಾತ್ರ’ ಅನ್ನುತ್ತಿದ್ದೆ.

ಇನ್ನು ಹಡಗಿನ ಎಸ್‌ಓಎಸ್. ‘ಸೇವ್ ಅವರ್ ಸೋಲ್ಸ್’ ಅನ್ನುವ ಬಿಡಿಸುವಿಕೆ ಆಮೇಲೆ ಜನ ಹೊಂದಿಸಿದ್ದು. ಮೋರ್ಸ್ ಲಿಪಿಯಲ್ಲಿ ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ. ಕಳಿಸುವುದು ಸುಲಭ, ಕೇಳಿದವರು ತಪ್ಪು ತಿಳಿಯುವ ಹಾಗಿಲ್ಲ. ಆ ಕಾರಣಕ್ಕೇ ಅದನ್ನು ಆರಿಸಿಕೊಂಡರು. 1906ರ ಬರ್ಲಿನ್ ರೇಡಿಯೊ ಸಮ್ಮೇಳನದಲ್ಲಿ ಒಪ್ಪಿದ್ದು. ಆ ಅಕ್ಷರಗಳಿಗೆ ಬೇರೆ ಅರ್ಥ ಇಲ್ಲ.

ಚೀಟಿಯಲ್ಲಿ ಇನ್ನೂ ಲ್ಯಾಟಿನ್ ಇದೆ. ಬಿಡಿ ಅಂದರೆ ‘ಬಿಸ್ ಡಿಯೆ’, ದಿನಕ್ಕೆ ಎರಡು ಸಲ. ಎಚ್‌ಎಸ್ ಅಂದರೆ ‘ಹೋರಾ ಸೋಮ್ನಿ’, ನಿದ್ದೆಯ ಹೊತ್ತು. ನನಗೆ ಇದು ಬಹಳ ಇಷ್ಟ, ಜೋಗುಳದ ಸಾಲಿನ ಹಾಗಿದೆ. ಓಡಿ ಮಾತ್ರ ಕಾಟದ ಗಿರಾಕಿ. ಮಾತ್ರೆಯ ಮುಂದೆ ಬಂದರೆ ದಿನಕ್ಕೊಮ್ಮೆ. ಕಣ್ಣಿನ ಚೀಟಿಯಲ್ಲಿ ಬಂದರೆ ‘ಓಕುಲುಸ್ ಡೆಕ್ಸ್‌ಟರ್’, ಬಲಗಣ್ಣು! ಇಂಥ ಗೊಂದಲ ಬೇಡ, ಪೂರ್ತಿ ಪದ ಬರೆಯಿರಿ ಅನ್ನುವವರ ಪಕ್ಷ ನನ್ನದು.

ಚೀಟಿಯ ತಲೆಯ ಮೇಲೆ ಆರ್ ಅಕ್ಷರದ ಕಾಲಿಗೆ ಒಂದು ಅಡ್ಡಗೆರೆ ಎಳೆದಿರುತ್ತಾರಲ್ಲ, ಅದು ‘ರೆಸಿಪೆ’. ‘ತಗೋ’ ಅಂತ ಅರ್ಥ. ಹೌದು, ಅಡುಗೆಯ ರೆಸಿಪಿಯೂ ಅದೇ. ಇಂಗ್ಲಿಷಿನಲ್ಲಿ ಆ ಪದ ಮೊದಲು ಔಷಧಿಗೆ ಬಳಕೆಯಾಯಿತು, ಅಡುಗೆಮನೆಗೆ ಹೋದದ್ದು ಆಮೇಲೆ.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಪ್ಯೂಪಿಲ್ ಅಂದರೆ ವಿದ್ಯಾರ್ಥಿ ಅಂತ ಶಾಲೆಯಲ್ಲಿ ಕಲಿತೆ. ಈಗ ಕಣ್ಣಿನ ನಡುವಿನ ಕಪ್ಪು ವೃತ್ತವೂ ಪ್ಯೂಪಿಲ್. ಎರಡೂ ಒಂದೇ ಪದವಾ?

ಬೇರು ಒಂದೇ. ಲ್ಯಾಟಿನ್ನಿನಲ್ಲಿ ‘ಪೂಪಾ’ ಅಂದರೆ ಹುಡುಗಿ, ಗೊಂಬೆ ಕೂಡ. ‘ಪೂಪಿಲ್ಲುಸ್’ ಅಂದರೆ ತಂದೆ ಇಲ್ಲದೆ ಬೇರೆಯವರ ಪೋಷಣೆಯಲ್ಲಿರುವ ಮಗು. ಪೋಷಕರ ಕೈಕೆಳಗಿನ ಆ ಮಗುವೇ ಬರಬರುತ್ತಾ ಗುರುವಿನ ಕೈಕೆಳಗಿನ ವಿದ್ಯಾರ್ಥಿಯಾಯಿತು. ‘ಪೂಪಿಲ್ಲಾ’ ಅಂದರೆ ಪುಟ್ಟ ಗೊಂಬೆ. ಅದು ಕಣ್ಣಿಗೆ ಹೋಯಿತು.

ಕಣ್ಣಿಗೆ ಯಾಕೆ ಗೊಂಬೆ? ನನಗೆ ಇದು ಗೊತ್ತಾದದ್ದು ಪುಸ್ತಕದಿಂದಲ್ಲ. ಅಮ್ಮನಿಗೆ ಪೊರೆ ಆಪರೇಷನ್ ಆಗಿತ್ತು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕುವ ಕೆಲಸ ನನ್ನದು. ಕಿಟಕಿಯ ಬೆಳಕಿಗೆ ಕೂರಿಸಿ, ಕೆಳರೆಪ್ಪೆ ಎಳೆದು ಹಿಡಿದು ಬಗ್ಗಿದೆ. ಆ ಕಪ್ಪಿನ ಮೇಲೆ ಒಬ್ಬಳು ಪುಟ್ಟ ಹೆಂಗಸು ಕಂಡಳು. ಕೈಯಲ್ಲಿ ಸೀಸೆ ಹಿಡಿದು ನನ್ನ ಕಡೆಗೇ ಬಗ್ಗಿದ್ದಳು. ಹನಿ ಗಲ್ಲದ ಮೇಲೆ ಬಿತ್ತು, ಅಮ್ಮ ಬೈದಳು.

ಕನ್ನಡದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನಾವು ಅದನ್ನು ಕಣ್ಣಿನ ಪಾಪೆ ಅನ್ನುತ್ತೇವೆ. ಪಾಪೆ ಅಂದರೆ ಗೊಂಬೆಯೇ ತಾನೆ? ಸಂಸ್ಕೃತದ ಕನೀನಿಕೆಯ ಮೂಲದಲ್ಲೂ ಹುಡುಗಿ ಇದ್ದಾಳೆ. ಗ್ರೀಕರ ‘ಕೋರೆ’ ಕೂಡ ಹಾಗೇ, ಹುಡುಗಿಯೂ ಹೌದು, ಪಾಪೆಯೂ ಹೌದು. ಹತ್ತಿರ ಕೂತು ಇನ್ನೊಬ್ಬರ ಕಣ್ಣನ್ನು ನೋಡಿದವರಿಗೆಲ್ಲ ಕಂಡದ್ದು ಅದೇ ಗೊಂಬೆ. ವಾರ್ಡಿನಲ್ಲಿ ಟಾರ್ಚ್ ಬಿಟ್ಟು ನೋಡುವಾಗ ಹುಡುಕಿ, ನೀವೂ ಸಿಗುತ್ತೀರಿ.

ಪ್ರಶ್ನೆ: ಮಸಲ್ ಅಂದರೆ ಇಲಿ ಅಂತ ಜಿಮ್‌ನಲ್ಲಿ ಗೆಳೆಯ ಹೇಳಿದ. ರೇಗಿಸುತ್ತಿದ್ದಾನಾ?

ಇಲ್ಲ, ನಿಮ್ಮ ಗೆಳೆಯ ಓದಿಕೊಂಡವನು. ‘ಮುಸ್ಕುಲುಸ್’ ಅಂದರೆ ಪುಟ್ಟ ಇಲಿ. ತೋಳು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ. ಚರ್ಮದ ಕೆಳಗೆ ಏನೋ ಓಡಿದ ಹಾಗೆ ಕಾಣುತ್ತದೆ, ಅಲ್ವಾ? ಗ್ರೀಕರೂ ಇಲಿಗೆ, ಸ್ನಾಯುವಿಗೆ ಒಂದೇ ಪದ ಇಟ್ಟುಕೊಂಡಿದ್ದರು: ‘ಮೂಸ್’. ಮಯಾಲ್ಜಿಯಾ (ಸ್ನಾಯುನೋವು), ಮಯೋಕಾರ್ಡಿಯಂ (ಹೃದಯದ ಸ್ನಾಯು) ಎಲ್ಲದರ ಮೊದಲಲ್ಲಿ ಕೂತಿರುವುದು ಆ ಇಲಿಯೇ.

ನಗುವ ಮುಂಚೆ ನಿಮ್ಮ ಕಾಲು ನೋಡಿಕೊಳ್ಳಿ. ಮಂಡಿಯ ಕೆಳಗೆ ಹಿಂಭಾಗದಲ್ಲಿ ತುಂಬಿಕೊಂಡಿರುವ ಭಾಗಕ್ಕೆ ನಮ್ಮಲ್ಲಿ ಹೆಸರು ಮೀನಖಂಡ. ತುದಿಗಾಲಲ್ಲಿ ನಿಂತು ಕೈಯಿಂದ ಮುಟ್ಟಿ. ಮೇಲೆ ದಪ್ಪ, ಕೆಳಗೆ ಬಾಲದ ಹಾಗೆ ಸಣ್ಣ. ಅವರಿಗೆ ತೋಳಲ್ಲಿ ಇಲಿ ಕಂಡಿತು, ನಮಗೆ ಕಾಲಲ್ಲಿ ಮೀನು. ನನ್ನನ್ನು ಕೇಳಿದರೆ ನಮ್ಮದೇ ಚೆಂದ.

ದೇಹದೊಳಗೆ ಇನ್ನೂ ಪ್ರಾಣಿಗಳಿವೆ. ಒಳಕಿವಿಯ ಕಾಕ್ಲಿಯಾ ಅಂದರೆ ಬಸವನಹುಳು, ಸುರುಳಿ ನೋಡಿದರೆ ಗೊತ್ತಾಗುತ್ತದೆ. ಬೆನ್ನುಮೂಳೆಯ ಕೊನೆಯ ಕಾಕ್ಸಿಕ್ಸ್‌ಗೆ ಕೋಗಿಲೆ ಜಾತಿಯ ಹಕ್ಕಿಯ ಹೆಸರು, ಅದರ ಕೊಕ್ಕಿನ ಹಾಗೆ ಬಾಗಿದೆ ಅಂತ.

ಪ್ರಶ್ನೆ: ನನ್ನದು ಕ್ಯಾನ್ಸರ್ ರಾಶಿ. ಕಾಯಿಲೆಗೂ ರಾಶಿಗೂ ಸಂಬಂಧ ಇದೆಯಾ?

ಖಂಡಿತ ಇಲ್ಲ. ಎರಡಕ್ಕೂ ಏಡಿಯ ಹೆಸರಿದೆ, ಅಷ್ಟೇ. ಗೆಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳ ಹಾಗೆ ಹರಡಿರುತ್ತವೆ ಅಂತ ಹಳೆಯ ವೈದ್ಯ ಗ್ಯಾಲೆನ್ ವಿವರಿಸಿದ್ದ. ಅವನಿಗಿಂತ ಎಷ್ಟೋ ಮುಂಚೆ, ಗ್ರೀಕ್ ವೈದ್ಯ ಹಿಪೊಕ್ರಾಟಿಸ್ ಕಾಲದಲ್ಲೇ ಗ್ರೀಕರು ‘ಕಾರ್ಕಿನೋಸ್’ ಅನ್ನುತ್ತಿದ್ದರು. ಅದೂ ಏಡಿಯೇ. ಕನ್ನಡದ ಏಡಿಗಂತಿಯಲ್ಲೂ ಅದೇ ಏಡಿ ಕೂತಿದೆ. ನಿಮ್ಮ ಕರ್ಕಾಟಕ ರಾಶಿಯಲ್ಲೂ ಇದೆ. ನೀವು ನಿಶ್ಚಿಂತೆಯಿಂದಿರಿ.

ಪ್ರಶ್ನೆ: ಮೈಗ್ರೇನ್?

ಒಂದೇ ಪದದ ಪ್ರಶ್ನೆ, ಒಂದೇ ಪದದ ಉತ್ತರ: ಅರೆತಲೆನೋವು. ಗ್ರೀಕಿನ ‘ಹೆಮಿಕ್ರಾನಿಯಾ’, ಅಂದರೆ ಅರ್ಧ ತಲೆಬುರುಡೆ. ಫ್ರೆಂಚರ ಬಾಯಲ್ಲಿ ಮುಂದಿನ ‘ಹೆ’ ಉದುರಿಹೋಯಿತು. ತಲೆ ನೋಯುವಾಗ ಅಷ್ಟುದ್ದ ಹೇಳುವವರು ಯಾರು?

ಪ್ರಶ್ನೆ: ವ್ಯಾಕ್ಸಿನ್ ಹಸುವಿನಿಂದ ಬಂದ ಪದ ಅಂತ ಗೊತ್ತು. ಇನಾಕ್ಯುಲೇಷನ್ ಎಲ್ಲಿಂದ ಬಂತು?

ಹಸುವಿನ ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. 1796ರ ಮೇ 14ರಂದು ಎಡ್ವರ್ಡ್ ಜೆನ್ನರ್ ಅನ್ನುವ ಇಂಗ್ಲಿಷ್ ವೈದ್ಯ ತನ್ನ ತೋಟದ ಮಾಲಿಯ ಮಗ, 8 ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಗೋಸಿಡುಬಿನ ಕೀವು ಹಚ್ಚಿದ. ಕೀವು ಬಂದದ್ದು ಹಾಲು ಕರೆಯುತ್ತಿದ್ದ ಸಾರಾ ನೆಲ್ಮ್ಸ್‌ಳ ಕೈಯಿಂದ. ಅವಳಿಗೆ ಸೋಂಕು ತಗುಲಿಸಿದ ಹಸುವಿನ ಹೆಸರು ಬ್ಲಾಸಮ್. ಹುಡುಗನಿಗೆ ಆಮೇಲೆ ಸಿಡುಬಿನ ಕೀವನ್ನೇ ಹಚ್ಚಿದರೂ ಸಿಡುಬು ಬರಲಿಲ್ಲ. ಲ್ಯಾಟಿನ್ನಿನಲ್ಲಿ ಹಸು ‘ವಕ್ಕ’. ಜೆನ್ನರ್ ಮೇಲಿನ ಗೌರವಕ್ಕೆ ಲೂಯಿ ಪಾಶ್ಚರ್ 1881ರಲ್ಲಿ ಆ ಹೆಸರನ್ನು ಎಲ್ಲ ಲಸಿಕೆಗಳಿಗೂ ಹಬ್ಬಿಸಿದ. ಆ ಹುಡುಗನನ್ನು ಯಾರಾದರೂ ಒಂದು ಮಾತು ಕೇಳಿದ್ದರಾ ಅಂತ ನನಗೆ ಪ್ರತಿಸಲವೂ ಅನ್ನಿಸುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ತೋಟದಲ್ಲಿದೆ. ‘ಓಕುಲುಸ್’ ಅಂದರೆ ಕಣ್ಣು ಅಂತ ಮೇಲೆ ಹೇಳಿದೆನಲ್ಲ? ರೋಮನ್ನರು ಗಿಡದ ಮೊಗ್ಗನ್ನೂ ಕಣ್ಣು ಅನ್ನುತ್ತಿದ್ದರು. ಒಂದು ಗಿಡದ ಮೊಗ್ಗನ್ನು ಎತ್ತಿ ಇನ್ನೊಂದರ ತೊಗಟೆ ಸೀಳಿ ಕೂರಿಸುವುದೇ ‘ಇನೊಕುಲಾರೆ’. ಅದನ್ನು ನಾವು ಕಣ್ಣು ಕಸಿ ಅನ್ನುತ್ತೇವೆ! ಸಿಡುಬು ತಡೆಯಲು ಚರ್ಮ ಗೀರಿ, ಬೇರೆಯವರ ಕೀವು ಸೇರಿಸುತ್ತಿದ್ದದ್ದು ನೋಡಲು ಥೇಟ್ ಕಸಿಯ ಹಾಗೇ ಇತ್ತು. ತೋಟದ ಪದ ಹಾಗೆ ತೋಳಿಗೆ ಬಂತು. ಇದನ್ನು ಮೊದಲ ಸಲ ಓದಿದ ದಿನ ನಾನು ಕೌಂಟರಿಗೆ ಬಂದವರಿಗೆಲ್ಲ ಹೇಳಿದ್ದೆ. ಕೆಮ್ಮಿನ ಸಿರಪ್ಪಿಗೆ ಬಂದವರನ್ನೂ ಬಿಡಲಿಲ್ಲ.

ಪ್ರಶ್ನೆ: ನಾರ್ತ್, ಈಸ್ಟ್, ವೆಸ್ಟ್, ಸೌತ್ ಸೇರಿ ನ್ಯೂಸ್ ಆಯಿತಂತೆ. ಹೌದಾ?

ಅಲ್ಲ. ‘ನ್ಯೂ’ ಅಂದರೆ ಹೊಸದು, ‘ನ್ಯೂಸ್’ ಅಂದರೆ ಹೊಸವು. ಕಥೆ ಅಷ್ಟೇ. ಹಳೆಯ ಪದವೊಂದರ ಅಕ್ಷರಗಳನ್ನು ಬಿಡಿಸಿ ಯಾರಾದರೂ ಚೆಂದದ ವಿವರಣೆ ಕೊಟ್ಟರೆ ಮೊದಲು ಅನುಮಾನಪಡಿ. ಹಾಗೆ ಪದ ಕಟ್ಟುವ ರೂಢಿ ಜೋರಾದದ್ದು 20ನೇ ಶತಮಾನದಲ್ಲಿ.

ಪ್ರಶ್ನೆ: ವಿಂಡೋ ಅನ್ನುವ ಪದದಲ್ಲಿ ವಿಂಡ್ ಇದೆ. ಬೆಳಕಿಗೆ ಅಂತ ಇರುವ ಕಿಟಕಿಗೆ ಗಾಳಿಯ ಹೆಸರು ಯಾಕೆ?

ಗಾಜು ಬರುವ ಮುಂಚೆ ಕಿಟಕಿ ಅಂದರೆ ಗೋಡೆಯಲ್ಲಿ ಒಂದು ತೂತು. ಬೆಳಕಿನ ಜೊತೆ ಗಾಳಿಯೂ ನುಗ್ಗುತ್ತಿತ್ತು. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ಅದಕ್ಕೆ ‘ವಿಂಡ್‌ಔಗ’ ಅನ್ನುತ್ತಿದ್ದರು, ಗಾಳಿಯ ಕಣ್ಣು. ಅದೇ ವಿಂಡೋ ಆಯಿತು. ನಮ್ಮ ಗವಾಕ್ಷದಲ್ಲೂ ಕಣ್ಣಿದೆ: ಗೋವಿನ ಅಕ್ಷಿ. ಈ ಸಲ ಕಣ್ಣೂ ಹಸುವೂ ನಮ್ಮನ್ನು ಬಿಡುವ ಹಾಗೆ ಕಾಣುತ್ತಿಲ್ಲ.

ನಾರ್ಸ್ ಪದ ಬರುವ ಮುಂಚೆ ಇಂಗ್ಲಿಷಿನವರಿಗೆ ತಮ್ಮದೇ ಒಂದು ಪದ ಇತ್ತು. ಅದರ ಅರ್ಥ ಕಣ್ಣುತೂತು. ತೂತಿಗೆ ಅವರು ‘ಥಿರ್ಲ್’ ಅನ್ನುತ್ತಿದ್ದರು. ಆ ಪದ ಕಿಟಕಿಯಿಂದ ಹೊರಬಿದ್ದರೂ ಪೂರ್ತಿ ಸಾಯಲಿಲ್ಲ. ಮೂಗಿನ ತೂತು, ‘ನೋಸ್‌ಥಿರ್ಲ್’, ಇವತ್ತಿನ ನಾಸ್ಟ್ರಿಲ್. ನೆಗಡಿಯಾದಾಗ ನಾವು ಹನಿ ಬಿಡುವುದು ಅದೇ ಹಳೆಯ ತೂತಿಗೆ.