ಹೂವು ಬಲಕ್ಕೆ ಬಿದ್ದರೂ ಸಾಲದು ಅಂದರೆ

ನಾನು ಆಪ್ತಸಲಹೆಗಾರ್ತಿ. 2025ರ ಬೇಸಿಗೆ ಮುಗಿದ ಮೇಲೆ ನನ್ನ ಹತ್ತಿರ ಒಂದೇ ಥರದ ಭಯ ಹೊತ್ತ ತಾಯಂದಿರು ಬರತೊಡಗಿದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅನ್ನುವ ಸುದ್ದಿ ನಿಮಗೂ ನೆನಪಿರಬೇಕು. ಚಿಕ್ಕ ವಯಸ್ಸಿನವರೂ ಅದರಲ್ಲಿದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನವೋ ಜನ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದಿತು. ವರದಿ ಓದಿದವರು ಕಡಿಮೆ. ವಿಡಿಯೋ ನೋಡಿದವರೇ ಜಾಸ್ತಿ.

ಅವರಲ್ಲಿ ಒಬ್ಬರನ್ನು ಇಲ್ಲಿ ಶಾರದಮ್ಮ ಅಂತ ಕರೆಯುತ್ತೇನೆ. ಹೆಸರು, ಗುರುತು ಬದಲಿಸಿದ್ದೇನೆ. ಐವತ್ತು ದಾಟಿದವರು, ಒಬ್ಬನೇ ಮಗ, ಅವನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಮದುವೆ ಮನೆಯಲ್ಲಿ ಕುಣಿಯುತ್ತಾ ಕುಸಿದವನು, ಜಿಮ್‌ನಲ್ಲಿ ಬಿದ್ದವನು, ಇಂಥ ವಿಡಿಯೋ ಒಂದು ನೋಡಿದರೆ ಯೂಟ್ಯೂಬ್ ಇನ್ನು ಹತ್ತು ತಂದು ಸುರಿಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಮಗನ ವಾಟ್ಸಾಪ್ ಲಾಸ್ಟ್ ಸೀನ್ ನೋಡುವುದು. ಹನ್ನೊಂದೂವರೆ ಅಂತಿದ್ದರೆ ಆಮೇಲೆ ಏನಾಯಿತೋ ಅನ್ನುವ ದಿಗಿಲು. ಫೋನ್ ಮಾಡಿ ಎಬ್ಬಿಸಿ, "ಎದೆ ಹೆಂಗಿದೆಯಪ್ಪ?" ಅಂತ ಕೇಳುವುದು. ಮಗ ಪಾಪ ಇಸಿಜಿ, ಎಕೋ ಎಲ್ಲ ಮಾಡಿಸಿ ವರದಿ ಕಳಿಸಿದ್ದ. ಡಾಕ್ಟರು ಏನೂ ತೊಂದರೆ ಇಲ್ಲ ಅಂದಿದ್ದರು. ಆ ಸಮಾಧಾನ ಇದ್ದದ್ದು ಎರಡೇ ದಿನ.

ಮೊದಲ ಭೇಟಿಗಳ ವಿವರ ಬೇಡ. ಕೆಲವು ವಾರ ಬಿಟ್ಟು ಬಂದಾಗ ಅವರ ಮುಖ ಅರಳಿತ್ತು. ಸ್ಮಾರ್ಟ್‌ಫೋನ್ ಬೀರುವಿನಲ್ಲಿಟ್ಟು ಕೀಪ್ಯಾಡ್ ಫೋನ್ ಹಿಡಿದಿದ್ದರು. "ಎಲ್ಲಾ ದೇವರ ಮೇಲೆ ಬಿಟ್ಟಿದ್ದೀನಿ ಮೇಡಂ," ಅಂದರು.

"ಒಳ್ಳೇದಾಯ್ತು. ಬಿಟ್ಟಿದ್ದು ಹೇಗೆ?"

"ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಹೂ ಕೇಳ್ತೀನಿ. ಮಗ ಚೆನ್ನಾಗಿದ್ದಾನೆ ಅಂದ್ರೆ ಬಲಗಡೆ ಪ್ರಸಾದ ಕೊಡು ಅಂತ."

"ಎಡಕ್ಕೆ ಬಿದ್ದರೆ?"

"ಮತ್ತೆ ಕೇಳ್ತೀನಿ."

"ಬಲಕ್ಕೆ ಬಿದ್ದರೆ?"

ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಸುತ್ತುವುದು, ಬಿಚ್ಚುವುದು. ಕೊನೆಗೆ, "ಸಂಜೆ ಇನ್ನೊಂದ್ಸಲ ಹೋಗ್ತೀನಿ" ಅಂದರು.

"ಹಾಗಾದರೆ ಲಾಸ್ಟ್ ಸೀನ್ ನೋಡೋದು ನಿಂತಿಲ್ಲ ಅಮ್ಮ. ದೇವಸ್ಥಾನದಲ್ಲಿ ಮುಂದುವರಿದಿದೆ, ಅಲ್ವಾ?"

ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಆದರೆ ಅವರು ಜೋರಾಗಿ ನಕ್ಕುಬಿಟ್ಟರು. ಆಮೇಲೆ ತಾವೇ ಹೇಳಿದರು: "ನಮ್ಮ ಹಾಸನಾಂಬೆ ಬಾಗಿಲು ತೆಗೆಯೋದು ವರ್ಷಕ್ಕೊಂದ್ಸಲ, ದೀಪಾವಳಿ ಹೊತ್ತಿಗೆ. ಹಚ್ಚಿಟ್ಟ ದೀಪ ವರ್ಷವೆಲ್ಲ ಉರೀತದೆ ಅಂತ ನಂಬಿದ್ದೀವಿ. ಯಾರೂ ಮಧ್ಯ ಬಾಗಿಲು ಸರಿಸಿ ನೋಡಲ್ಲ. ನನ್ನ ಮಗನ ವಿಷಯಕ್ಕೆ ಮಾತ್ರ ದಿನಾ ಬಾಗಿಲು ತೆಗೀತಿದ್ದೀನಿ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಸಲಹೆಯನ್ನೂ ಆ ಮಾತಿನ ಮೇಲೆಯೇ ಕಟ್ಟಿದೆ. ಒಂದು ಮಂಡಲ, ಅಂದರೆ 48 ದಿನ, ಇಂಟರ್ನೆಟ್ ಬೇಡ, ಹೂ ಕೇಳುವುದೂ ಬೇಡ. ದೇವಸ್ಥಾನಕ್ಕೆ ಹೋಗಲಿ, ಕೈ ಮುಗಿಯಲಿ, ಉತ್ತರ ಕೇಳದೆ ಬರಲಿ. ಮಗನ ಜೊತೆ ಮಾತು ಬುಧವಾರ, ಭಾನುವಾರ ಸಂಜೆ ಮಾತ್ರ. ಅದರಲ್ಲಿ ಎದೆಯ ಪ್ರಶ್ನೆ ಇರಬಾರದು. ಮಧ್ಯೆ ಭಯ ಬಂದರೆ ಒಂದೇ ಸಲ ದೇವರಿಗೆ ಹೇಳಿಕೊಂಡು ಕೈಗೆ ಕೆಲಸ ಹಚ್ಚಿಕೊಳ್ಳುವುದು. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಈ ಕ್ಷೇತ್ರದ ಗೆಳತಿಯೊಬ್ಬಳು ಇದನ್ನು ಕೇಳಿ, "ಆಪ್ತಸಲಹೆಯಲ್ಲಿ ದೇವರನ್ನ ಯಾಕೆ ತಂದೆ?" ಅಂತ ಬೈದಳು. ತಂದಿದ್ದು ನಾನಲ್ಲ, ಶಾರದಮ್ಮ. ಅವರು ನಂಬದವರಾಗಿದ್ದರೆ ನಾನು ಆ ಸುದ್ದಿಗೇ ಹೋಗುತ್ತಿರಲಿಲ್ಲ. ಭಯ ತಾನಾಗಿ ಏರಿ ತಾನಾಗಿ ಇಳಿಯುತ್ತದೆ. ಪ್ರತಿ ಸಲ ನೋಡಿ ಖಾತ್ರಿ ಮಾಡಿಕೊಂಡರೆ, ನೋಡಿದ್ದರಿಂದಲೇ ಬಚಾವಾದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ನೋಡು ಅನ್ನುತ್ತದೆ. ಖಾತ್ರಿ ಇಲ್ಲದೆ ಒಂದು ಸಂಜೆ ಕಳೆಯುವುದಕ್ಕೆ ಏನಾದರೊಂದು ಆಸರೆ ಬೇಕು. ಅವರ ಹತ್ತಿರ ದೇವರಿದ್ದಾನೆ. ಅದನ್ನು ಕಿತ್ತುಕೊಂಡು ನಾನು ಏನು ಕೊಡಲಿ?

ಹಾಗಂತ ದೇವರಿದ್ದಾನೆ ಅಂತ ಎದೆನೋವು ಸಹಿಸಿಕೊಂಡು ಕೂರಬೇಡಿ. ನೋವು ತೋಳಿಗೋ ದವಡೆಗೋ ಹರಿದರೆ, ಬೆವರಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ. ಸಕ್ಕರೆ, ಬಿಪಿ, ಸಿಗರೇಟು ಇರುವವರು ಡಾಕ್ಟರ ಮಾತು ಕೇಳಲೇಬೇಕು. ಶಾರದಮ್ಮನ ಮಗನಿಗೆ ಪರೀಕ್ಷೆ ಆಗಿತ್ತು. ಅದಕ್ಕೇ ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು.

ಮಂಡಲ ಪೂರ್ತಿ ಸಲೀಸಾಗಿ ಹೋಗಲಿಲ್ಲ. ನಡುವೆ ಪಕ್ಕದ ಮನೆಯವರ ಫೋನಿನಲ್ಲಿ ಲಾಸ್ಟ್ ಸೀನ್ ನೋಡಿ ಬಂದು ನನಗೆ ಒಪ್ಪಿಸಿದರು. ಸರಿ, ನಾಳೆಯಿಂದ ಮುಂದುವರಿಸಿ ಅಂದೆ. ಮೊನ್ನೆ ಒಂದು ಶುಕ್ರವಾರ ಅವರ ಮಗನೇ ನನಗೆ ಫೋನ್ ಮಾಡಿದ.

"ಮೇಡಂ, ಅಮ್ಮ ಈ ಬುಧವಾರ ಫೋನೇ ಮಾಡಿಲ್ಲ. ಹುಷಾರಾಗಿದ್ದಾರೆ ತಾನೇ?"

ಭಾನುವಾರದ ತನಕ ಕಾಯಪ್ಪ ಅಂದೆ.